ರೇಸಿನ ಲಾರಿಗೆ ಡ್ರೈವರ್ ಬೇಕು, ಹುದ್ದೆ ಮಾತ್ರ ಇಲ್ಲ

ಟೊಮೆಟೊ ಕಾಲದಲ್ಲಿ ಕೋಲಾರದ ಎಪಿಎಂಸಿ ಅಂಗಳದಲ್ಲಿ ಒಂದು ಗಂಟೆ ನಿಂತರೆ ಸಾಕು, ಲಾರಿ ಡ್ರೈವರ್ ಅಂದರೆ ಯಾರು ಎಂದು ಗೊತ್ತಾಗುತ್ತದೆ. ಹರಾಜು ಮುಗಿದು 15 ಕೆ.ಜಿ.ಯ ಬಾಕ್ಸುಗಳು ಗಾಡಿಗೇರಿ ಹಗ್ಗ ಬಿಗಿದ ಮೇಲೆ ಮಂಡಿಯವರು ಅವನಿಗೆ ಹೇಳುವುದು ಒಂದೇ ಮಾತು, ಇಷ್ಟು ಹೊತ್ತಿಗೆ ಅಲ್ಲಿರಬೇಕು. ತಡವಾದರೆ ರೇಟು ಬಿದ್ದಿರುತ್ತದೆ, ಇನ್ನೂ ತಡವಾದರೆ ಹಣ್ಣೇ ನೀರಾಗಿರುತ್ತದೆ. ವೇಮಗಲ್ ಕಡೆಯ ನನ್ನ ಪರಿಚಯದ ಡ್ರೈವರ್ ಒಬ್ಬರು ಇದೇ ಅಂಗಳದಲ್ಲಿ ಹದಿನೈದು ವರ್ಷ ಸವೆಸಿದವರು. ನಾಲ್ಕು ವರ್ಷದಿಂದ ಇನ್ನೊಂದು ಬಗೆಯ ಲೋಡೂ ಅವರ ಪಾಲಿಗೆ ಬರುತ್ತಿದೆ. ವರ್ಷಕ್ಕೆ ನಾಲ್ಕೈದು ಸಲ ಎರಡು ರೇಸ್ ಕಾರು, ಮೂರು ಟೂಲ್ ಪೆಟ್ಟಿಗೆ, ಒಂದು ಜನರೇಟರ್ ಮತ್ತು ಒಂದು ರಾಶಿ ಟೈರನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಒಯ್ಯುತ್ತಾರೆ. ಎರಡಕ್ಕೂ ಏನಣ್ಣಾ ವ್ಯತ್ಯಾಸ ಎಂದು ಕೇಳಿದ್ದೆ. "ಟಮೋಟ ಒಡೆದ್ರೆ ಬಾಕ್ಸಿನ ಲೆಕ್ಕ ಸಾರ್, ಇದು ಒಡೆದ್ರೆ ಮನೆ ಲೆಕ್ಕ" ಅಂದರು.

ಅವರನ್ನು ಏನೆಂದು ಕರೆಯಬೇಕು ಎಂಬುದೇ ಈ ಲೇಖನದ ಪ್ರಶ್ನೆ. ತಂಡದವರ ಪ್ರಕಾರ ಅವರು "ಗಾಡಿಯವರು". ಲಾರಿ ಮಾಲೀಕನ ಲೆಕ್ಕದಲ್ಲಿ ಅದು ಒಂದು ಟ್ರಿಪ್ಪು. ರೇಸ್ ಟ್ರ್ಯಾಕಿನ ಗೇಟಿನಲ್ಲಿ ಕೈಗೆ ಕಟ್ಟುವ ಪಟ್ಟಿಯ ಪ್ರಕಾರ ಅವರು ತಂಡದ ಸಿಬ್ಬಂದಿ. ಯುರೋಪಿನಲ್ಲಿ ಇದೇ ಕೆಲಸಕ್ಕೆ ಹೆಸರಿದೆ, ಸಂಬಳವಿದೆ, ನಿದ್ದೆಗೆ ಕಾನೂನಿದೆ. ನಮ್ಮಲ್ಲಿ ಕೆಲಸ ಇದೆ, ಹುದ್ದೆ ಇಲ್ಲ.

ನಮ್ಮ ಸೀಮೆಗೂ ರೇಸಿಗೂ ಏನು ಸಂಬಂಧ ಎಂದು ಕೇಳುವವರು ನಕಾಶೆ ನೋಡಬೇಕು. ದೇಶದಲ್ಲಿ ಸರಿಯಾಗಿ ನಡೆಯುವ ರೇಸ್ ಟ್ರ್ಯಾಕುಗಳೇ ಬೆರಳೆಣಿಕೆಯಷ್ಟು, ಅದರಲ್ಲಿ ಹಳೆಯವು ಎರಡು ನಮ್ಮ ಪಕ್ಕದ ರಾಜ್ಯದಲ್ಲಿವೆ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರ ಇರುಂಗಾಟ್ಟುಕೋಟ್ಟೈ ಟ್ರ್ಯಾಕು 1990ರಿಂದ ಓಡುತ್ತಿದೆ, ಒಂದು ಸುತ್ತು 3.7 ಕಿ.ಮೀ. ಇನ್ನೊಂದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, 2.1 ಕಿ.ಮೀ. ಮೂರನೆಯದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. 2011ರಿಂದ 2013ರವರೆಗೆ ಫಾರ್ಮುಲಾ ಒನ್, 2023ರಲ್ಲಿ ಬೈಕುಗಳ ಮೋಟೊ ಜಿಪಿ ಕಂಡ ಜಾಗ ಅದು. ಇಲ್ಲಿಂದ ಎರಡು ಸಾವಿರ ಕಿ.ಮೀ. ದಾಟಿ ಹೋಗಬೇಕು. ತುಮಕೂರಿನ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಹೊಸೂರು, ಕೃಷ್ಣಗಿರಿ, ರಾಣಿಪೇಟೆ ಮುಟ್ಟಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಹತ್ತಿರವೇ ಹೋಗುತ್ತದೆ. ಕೋಲಾರದವರಿಗೆ ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರಿನ ಹಳೇ ದಾರಿ. ಸುಮಾರು 235 ಕಿ.ಮೀ.ಯಲ್ಲಿ ಮೂರು ರಾಜ್ಯ. ಡಾಂಬರು ಬಿಟ್ಟು ಮಣ್ಣಿನ ಕಡೆ ಬಂದರೆ, 2015ರಲ್ಲಿ ಮರುಭೂಮಿಯ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರ ಬಿಗ್‌ರಾಕ್ ಡರ್ಟ್‌ಪಾರ್ಕ್ ಕೋಲಾರ ಜಿಲ್ಲೆಯಲ್ಲೇ ಇದೆ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿರುವ ಚಿಕ್ಕಜಾಲದ ಬಯಲಲ್ಲಿ 2024ರ ಫೆಬ್ರವರಿಯಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಬೈಕು ಹಾರಿಸುವ ಸೂಪರ್‌ಕ್ರಾಸ್ ಲೀಗಿನ ಅಂತಿಮ ಸುತ್ತು ನಡೆಯಿತು. ಬೈಕು, ಕಾರು ಸಿದ್ಧಪಡಿಸುವ ಗ್ಯಾರೇಜುಗಳು ಬೆಂಗಳೂರಿನಲ್ಲಿ, ಟ್ರ್ಯಾಕುಗಳು ತಮಿಳುನಾಡಿನಲ್ಲಿ, ನಡುವೆ ಗಾಡಿ ಓಡಿಸುವ ಕೈಗಳು ನಮ್ಮವು.

ರೇಸ್ ಕಾರು ತಾನಾಗಿ ಟ್ರ್ಯಾಕಿಗೆ ಹೋಗುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ರ‍್ಯಾಲಿ ಕಾರಿಗೆ ನಂಬರ್ ಪ್ಲೇಟ್ ಇರುತ್ತದೆ, ಒಂದು ಹಂತದಿಂದ ಇನ್ನೊಂದಕ್ಕೆ ಊರ ರಸ್ತೆಯಲ್ಲೇ ಸಾಗುತ್ತದೆ. ಟ್ರ್ಯಾಕಿನ ಕಾರಿಗೆ ನೋಂದಣಿ ಇಲ್ಲ, ಇಂಡಿಕೇಟರ್ ಇಲ್ಲ, ರೋಡಿನ ಹಂಪು ದಾಟುವ ಎತ್ತರವೂ ಇಲ್ಲ. ಮುನ್ನೂರು ಮೀಟರು ಆಚೆಗೆ ಹೋಗಬೇಕಾದರೂ ಅದು ಲಾರಿ ಹತ್ತಬೇಕು. ಲಾರಿ ಬರಲಿಲ್ಲ ಅಂದರೆ ರೇಸೂ ಇಲ್ಲ.

ಈಗ ಯುರೋಪಿನ ಮಾತು. ಫಾರ್ಮುಲಾ ಒನ್ ತಂಡಗಳಲ್ಲಿ ಈ ಕೆಲಸದವರನ್ನು ಟ್ರಕ್ಕಿ ಎನ್ನುತ್ತಾರೆ. ದೂರದ ಖಂಡಗಳ ರೇಸಿಗೆ ಸಾಮಾನು ವಿಮಾನದಲ್ಲಿ, ಹಡಗಿನಲ್ಲಿ ಹೋಗುತ್ತದೆ. ಯುರೋಪಿನೊಳಗಿನ ರೇಸಿಗೆ ಲಾರಿಗಳೇ. ಟ್ರೇಲರಿನ ಮೇಲಂತಸ್ತಿನಲ್ಲಿ ಕಾರು, ಕೆಳಗೆ ಬಿಡಿಭಾಗ ಮತ್ತು ವರ್ಕ್‌ಶಾಪು. ಗಾಡಿ ನಿಲ್ಲಿಸಿ ಕೀಲಿ ಕಿತ್ತುಕೊಂಡರೆ ಟ್ರಕ್ಕಿಯ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಗ್ಯಾರೇಜಿನ ಗೋಡೆ ಜೋಡಿಸುವುದು, ಕರೆಂಟು ಎಳೆಯುವುದು, ಟೈರು ಒಯ್ದು ತರುವುದು, ಇಂಧನದ ಉಸ್ತುವಾರಿ, ಕೆಲವು ತಂಡಗಳಲ್ಲಿ ರೇಸಿನ ನಡುವೆ ಟೈರು ಬದಲಿಸುವ ಪಿಟ್ ಸ್ಟಾಪಿನಲ್ಲೂ ಒಂದು ಕೈ. ಭಾನುವಾರ ರೇಸು ಮುಗಿಸುವ ಬಾವುಟ ಬಿದ್ದ ಕ್ಷಣದಿಂದ ಅದನ್ನೆಲ್ಲ ಮತ್ತೆ ಬಿಚ್ಚಿ ತುಂಬುವುದು. ಕೆಲಸ ಕೇಳಿ ಬರುವವನ ಬಳಿ ಟ್ರೇಲರ್ ಲೈಸೆನ್ಸು ಇದ್ದರೆ ಸಾಲದು, ಸ್ಪ್ಯಾನರ್ ಹಿಡಿಯಲೂ ಬರಬೇಕು.

ಜತೆಗೆ ಗಂಟೆಯ ಲೆಕ್ಕ. ಯುರೋಪಿನ ನಿಯಮದಂತೆ ಡ್ರೈವರ್ ದಿನಕ್ಕೆ 9 ಗಂಟೆ ಮಾತ್ರ ಓಡಿಸಬಹುದು, ವಾರದಲ್ಲಿ ಎರಡು ದಿನ 10ಕ್ಕೆ ಹೋಗಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು. ವಾರಕ್ಕೆ 56, ಎರಡು ವಾರ ಸೇರಿ 90 ಗಂಟೆ ದಾಟುವಂತಿಲ್ಲ. ಇದನ್ನೆಲ್ಲ ಟ್ಯಾಕೊಗ್ರಾಫ್ ಎಂಬ ಯಂತ್ರ ಬರೆದಿಟ್ಟುಕೊಳ್ಳುತ್ತದೆ, ಅದರ ಬಾಯಿ ಮುಚ್ಚಿಸುವುದು ಸುಲಭವಲ್ಲ. 2024ರಲ್ಲಿ ಜೂನ್ 23ಕ್ಕೆ ಬಾರ್ಸಿಲೋನಾ, 30ಕ್ಕೆ ಆಸ್ಟ್ರಿಯಾದ ಸ್ಪೀಲ್‌ಬರ್ಗ್, ಜುಲೈ 7ಕ್ಕೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಎಂದು ಮೂರು ವಾರ ಬೆನ್ನುಬೆನ್ನಿಗೆ ರೇಸಿಟ್ಟರು. ಒಂದರಿಂದ ಇನ್ನೊಂದಕ್ಕೆ ಸಾವಿರದೈನೂರು ಕಿ.ಮೀ.ಗೂ ಮಿಗಿಲು. ಒಬ್ಬನೇ ನಿಯಮದ ಪ್ರಕಾರ ಓಡಿಸಿದರೆ ಎರಡು ದಿನ ದಾಟುತ್ತದೆ, ಗುರುವಾರದೊಳಗೆ ಗ್ಯಾರೇಜು ಎದ್ದು ನಿಂತಿರಬೇಕು. ಹಾಗಾಗಿ ಒಂದು ಲಾರಿಗೆ ಇಬ್ಬರು, ಕೆಲವೊಮ್ಮೆ ದಾರಿಯಲ್ಲಿ ಹೊಸ ಕೈ. ನಿದ್ದೆಗೆ ಕಾನೂನಿನ ಬೆಲೆ ಇದ್ದದ್ದರಿಂದ ತಂಡ ಎರಡನೇ ಡ್ರೈವರಿಗೆ ಹಣ ಕೊಡಲೇಬೇಕಾಯಿತು, ಧರ್ಮಕ್ಕೆ ಕೊಟ್ಟದ್ದಲ್ಲ. (2023ರಲ್ಲಿ ಡಿಎಚ್‌ಎಲ್ ಎಂಬ ಸಾಗಣೆ ಕಂಪನಿ 18 ಲಾರಿಗಳಿಗೆ ಜೈವಿಕ ಇಂಧನ ಹಾಕಿ ಯುರೋಪಿನ ಸುತ್ತಿನಲ್ಲಿ ಹೊಗೆಯ ಲೆಕ್ಕವನ್ನು ಸರಾಸರಿ 83% ಇಳಿಸಿದೆವೆಂದು ಸುದ್ದಿ ಮಾಡಿತು. ಇಂಥ ಸುದ್ದಿಯಲ್ಲಿ ಲಾರಿ ಕಾಣುತ್ತದೆ, ಸ್ಟೇರಿಂಗ್ ಹಿಂದಿನ ಮುಖ ಕಾಣುವುದಿಲ್ಲ. ಅದು ಎಲ್ಲ ದೇಶದ ಕಥೆ.)

ನಮ್ಮಲ್ಲಿ ಏನಾಗುತ್ತದೆ ನೋಡಿ. ನಾನು ಒಮ್ಮೆ ಆ ವೇಮಗಲ್ಲಿನವರ ಜತೆ ಹೋಗಿದ್ದೆ, ಹಾಗಾಗಿ ವಾರ ನೆನಪಿದೆ. ಬುಧವಾರ ರಾತ್ರಿ ಹತ್ತಕ್ಕೆ ನರಸಾಪುರದ ಆಚೆಯ ಒಂದು ಶೆಡ್ಡಿನಲ್ಲಿ ಲೋಡಿಂಗು.

ಕಾರಿನ ತಳ ನೆಲದಿಂದ ನಾಲ್ಕು ಬೆರಳು. ಲಾರಿಯ ಇಳಿಜಾರು ಹಲಗೆ ಅದಕ್ಕೆ ತೀರ ಕಡಿದು, ಮೂಗು ತಾಗುತ್ತದೆ. ಅದಕ್ಕೆ ಹಲಗೆಯ ಮುಂದೆ ಇನ್ನೆರಡು ಉದ್ದನೆಯ ಮರದ ಹಲಗೆ ಜೋಡಿಸಿ ಇಳಿಜಾರನ್ನು ಸಪಾಟು ಮಾಡಿದರು. ಎಂಜಿನ್ ಆಫ್. ಒಬ್ಬ ಸ್ಟೇರಿಂಗ್ ಹಿಡಿದು ಕೂತ, ನಾಲ್ವರು ತಳ್ಳಿದೆವು. ರೆಕ್ಕೆ ಹಿಡಿಯಬೇಡಿ, ಚಕ್ರ ಹಿಡಿಯಿರಿ ಎಂದು ಅವರು ಕೂಗುತ್ತಲೇ ಇದ್ದರು. ಕಾರು ಒಳಗೆ ಕೂತ ಮೇಲೆ ಬೆಲ್ಟು. ಇಲ್ಲಿಯೇ ಹೊಸಬರು ಎಡವುವುದು. ಕೈಗೆ ಸುಲಭವಾಗಿ ಸಿಗುವುದು ಚಕ್ರವನ್ನು ಹಿಡಿದಿಟ್ಟಿರುವ ಸಸ್ಪೆನ್ಷನ್ನಿನ ತೆಳ್ಳನೆ ಕೊಳವೆ. ಅದಕ್ಕೇ ಬೆಲ್ಟು ಹಾಕಿ ಟಕಟಕ ಬಿಗಿದುಬಿಡುತ್ತಾರೆ. ಲಾರಿ ಹಳ್ಳಕ್ಕೆ ಬಿದ್ದಾಗ ಅಷ್ಟು ಭಾರವೂ ಆ ಕೊಳವೆಯ ಮೇಲೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಟ್ರ್ಯಾಕಿನಲ್ಲಿ ಕಾರು ಒಂದು ಬದಿಗೆ ಎಳೆಯುತ್ತದೆ, ಹುಡುಕಲು ಅರ್ಧ ದಿನ. ಅವರು ಬೆಲ್ಟನ್ನು ಟೈರಿನ ಮೇಲೆ ಹಾಯಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ದಿಕ್ಕು ಕಟ್ಟಿದರು. ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನೇ ಕುಣಿಯಲಿ, ಚಕ್ರ ಮಾತ್ರ ಅಲ್ಲಾಡಬಾರದು. ಬೈಕಾದರೆ ಇದರ ತದ್ವಿರುದ್ಧ, ಮುಂದಿನ ಚಕ್ರದ ಸ್ಪ್ರಿಂಗ್ ಇರುವ ಫೋರ್ಕನ್ನು ಅರ್ಧ ಅದುಮಿಯೇ ಕಟ್ಟಬೇಕು. ನರಸಾಪುರದ ಹೋಂಡಾ ಕಾರ್ಖಾನೆಯಿಂದ ಬೈಕು ತುಂಬಿ ಹೊರಡುವ ಗಾಡಿಗಳಲ್ಲಿ ಕೈ ಪಳಗಿಸಿದವರಿಗೆ ಇದು ನೀರು ಕುಡಿದಷ್ಟು ಸಲೀಸು.

ಮುಳಬಾಗಿಲಿನಲ್ಲಿ ಗಾಡಿ ನಿಲ್ಲಿಸಿದಾಗ ನಾನು ದೋಸೆಗೆಂದುಕೊಂಡೆ. ನಡುರಾತ್ರಿ ಯಾವ ದೋಸೆ. ಅವರು ಹಿಂಬಾಗಿಲು ತೆಗೆದು ಟಾರ್ಚು ಬಿಟ್ಟು ಒಂದೊಂದೇ ಬೆಲ್ಟನ್ನು ಕೈಯಿಂದ ಮೀಟಿದರು. ಮೊದಲ ಮೂವತ್ತು ಕಿ.ಮೀ.ಯಲ್ಲಿ ಲೋಡು ಕೂರುತ್ತದೆ, ಬೆಲ್ಟು ಸಡಿಲುತ್ತದೆ. ಬೆಲ್ಟು ಬಿಗಿಯುವ ಹಲ್ಲುಚಕ್ರವನ್ನು ಎರಡು ಹಲ್ಲು ಮುಂದೆ ತಿರುಗಿಸಿ ಬಾಗಿಲು ಹಾಕಿದರು. ಈ ಮೂವತ್ತು ಕಿ.ಮೀ. ನಿಯಮವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಟೊಮೆಟೊ ಕಲಿಸಿದ್ದು.

ಬೆಳಗ್ಗೆ ಐದೂವರೆಗೆ ಟ್ರ್ಯಾಕಿನ ಗೇಟು. ಗುರುವಾರ ಇಳಿಸಿ, ಟೆಂಟು ಹೊಡೆದು, ತಾಂತ್ರಿಕ ತಪಾಸಣೆಗೆ ಕಾರು ತಳ್ಳಿ ಮುಗಿಸುವಾಗ ಸಂಜೆ. ಶುಕ್ರವಾರ ಅಭ್ಯಾಸ, ಶನಿವಾರ ಭಾನುವಾರ ರೇಸು. ಮೂರೂ ದಿನ ಅವರು ಸುಮ್ಮನೆ ಕೂತದ್ದು ನಾನು ನೋಡಲಿಲ್ಲ. ಟೈರು ಉರುಳಿಸಿದರು, ಜನರೇಟರಿಗೆ ಡೀಸೆಲ್ ಹಾಕಿದರು, ಶ್ರೀಪೆರಂಬುದೂರಿಗೆ ಹೋಗಿ ಬೋಲ್ಟು ತಂದರು, ತಮಿಳು ಬರದ ಮೆಕ್ಯಾನಿಕ್ಕಿಗೆ ದುಭಾಷಿಯಾದರು. ಮಲಗಿದ್ದು ಕ್ಯಾಬಿನ್ನಿನಲ್ಲಿ, ಚೆನ್ನೈ ಸೆಕೆಯಲ್ಲಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಲೋಡು ಮಾಡಿ ಅದೇ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಕೋಲಾರ.

ಟ್ರಿಪ್ ಶೀಟಿನಲ್ಲಿ ಏನಿತ್ತು? ಹೋಗುವಾಗಿನ ಕಿ.ಮೀ., ಬರುವಾಗಿನ ಕಿ.ಮೀ., ಟೋಲು, ಡೀಸೆಲ್, ಡ್ರೈವರಿನ ಬಾಟಾ (ಭತ್ಯೆ). ಒಟ್ಟು 470 ಕಿ.ಮೀ. ಚಿಲ್ಲರೆ. ಸ್ಟೇರಿಂಗ್ ಹಿಂದೆ ಕೂತದ್ದು ಹದಿಮೂರು ಗಂಟೆ, ಮನೆಯಿಂದ ಹೊರಗಿದ್ದದ್ದು ನೂರು ಗಂಟೆಗೂ ಹೆಚ್ಚು. ಲಾರಿ ಧಂದೆಯ ಲೆಕ್ಕವೆಲ್ಲ ಕಿಲೋಮೀಟರಿನ ಮೇಲೆ ನಿಂತಿದೆ, ಗಾಡಿ ಉರುಳಿದರೆ ದುಡ್ಡು. ರೇಸಿನ ಕೆಲಸದ ಮುಕ್ಕಾಲು ಪಾಲು ಗಾಡಿ ನಿಂತಾಗ ನಡೆಯುತ್ತದೆ. ಇದೇ ಮೂಲ ತೊಡಕು. ಇದರಲ್ಲಿ ಯಾರೊಬ್ಬರ ದುಷ್ಟತನವೂ ಇಲ್ಲ. ಅಳೆಯುವ ಕೋಲೇ ಬೇರೆ ಕೆಲಸಕ್ಕೆ ಮಾಡಿದ್ದು.

ಕಾನೂನು ಏನನ್ನುತ್ತದೆ ಎಂದು ನೋಡಿದರೆ ತಮಾಷೆಯಾಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತು, ಐದು ಗಂಟೆಯ ಕೆಲಸದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐದು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಗಂಟೆಯ ಮಿತಿಯನ್ನಷ್ಟೇ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಎಲ್ಲ ಸಾರಿಗೆ ವಾಹನದ ಡ್ರೈವರಿಗೂ ಹಿಗ್ಗಿಸಿತು. ಓವರ್‌ಟೈಮು, ರಜೆ, ವಿಶ್ರಾಂತಿ ಕೊಠಡಿಯ ಹಕ್ಕು ಒಂದು ಲಾರಿಯ ಮಾಲೀಕನ ಬಾಗಿಲಿಗೆ ಬರಲೇ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾಯ್ದೆಯನ್ನು ಒಳಗೆ ಹಾಕಿಕೊಂಡ ಸುರಕ್ಷತೆ ಮತ್ತು ಕೆಲಸದ ಪರಿಸ್ಥಿತಿಯ ಸಂಹಿತೆಯಲ್ಲಿ ಮೋಟಾರು ಸಾರಿಗೆ ಸಂಸ್ಥೆಗೆ ಹತ್ತು ಕಾರ್ಮಿಕರ ಮಿತಿ ಇದೆ. ಐದಿದ್ದದ್ದು ಹತ್ತಾಯಿತು. ನಮ್ಮ ಕಡೆ ಒಬ್ಬನದು ಒಂದು ಗಾಡಿ, ಹೆಚ್ಚೆಂದರೆ ಮೂರು. ಹೊರಗಿದ್ದವರು ಇನ್ನಷ್ಟು ಹೊರಗಾದರು.

ಇದಕ್ಕೂ ಮುಂಚೆ, 2018ರಲ್ಲಿ, ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ ತೆಗೆದರು. ಪಾಲಿಸುವವರು ಕಡಿಮೆ ಎಂಬುದು ನಿಜ. ಆದರೂ ನೋಯ್ಡಾಗೆ ಎರಡು ಸಾವಿರ ಕಿ.ಮೀ. ಹೊರಡುವವನು ತೋರಿಸಿ ಕೇಳಲು ಒಂದು ಕಾಗದವಾದರೂ ಇತ್ತು. ಒಳ್ಳೆಯದೂ ಆಗಿದೆ, ಹೇಳದಿದ್ದರೆ ತಪ್ಪು: 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ, ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಹಳೇ ಗಾಡಿಗೆ ಇದರಿಂದ ಏನೂ ಇಲ್ಲ, ರೇಸಿಗೆ ಬಾಡಿಗೆ ಬರುವುದು ಬಹುಪಾಲು ಹಳೇ ಗಾಡಿಯೇ.

ಇನ್ನು ಯಾರು ಓಡಿಸಬಹುದು ಎಂಬುದು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನು ಲಘು ವಾಹನ ಲೈಸೆನ್ಸಿನವರು ಬೇರೆ ಅನುಮತಿಯಿಲ್ಲದೆ ಓಡಿಸಬಹುದು ಎಂದು ತೀರ್ಪು ಕೊಟ್ಟಿತು. ಸಣ್ಣ ತಂಡಗಳು ಬಳಸುವ ಗಾಡಿಗಳಲ್ಲಿ ಹಲವು ಈ ತೂಕದೊಳಗೇ ಬರುತ್ತವೆ. ಅಪಘಾತವಾದಾಗ ಲೈಸೆನ್ಸಿನ ನೆಪ ಹೇಳಿ ವಿಮೆಯವರು ಜಾರಿಕೊಳ್ಳುವುದು ತಪ್ಪಿತು, ಸಂತೋಷ. ಇದರ ಇನ್ನೊಂದು ಮಗ್ಗುಲು, ಈಗ ಮೆಕ್ಯಾನಿಕ್ ಹುಡುಗನನ್ನೇ ಸ್ಟೇರಿಂಗ್ ಹಿಂದೆ ಕೂರಿಸಬಹುದು. ಮೂರು ದಿನ ಬಗ್ಗಿ ಎದ್ದು ದಣಿದವನು ಭಾನುವಾರ ರಾತ್ರಿ ಹನ್ನೆರಡಕ್ಕೆ ರಾಣಿಪೇಟೆ ದಾಟುತ್ತಿರುತ್ತಾನೆ. ಕಾನೂನಿನ ಕಣ್ಣಿಗೆ ಅವನು ಅಷ್ಟು ಹೊತ್ತೂ ಡ್ರೈವರ್ ಆಗಿರಲೇ ಇಲ್ಲ. ಯುರೋಪಿನಲ್ಲಿ ಟ್ರಕ್ಕಿ ಎರಡೂ ಕೆಲಸ ಮಾಡುತ್ತಾನಲ್ಲ ಎನ್ನಬಹುದು. ಅಲ್ಲಿ ಗ್ಯಾರೇಜಿನಲ್ಲಿ ದುಡಿದ ಗಂಟೆಯೂ ಅವನ ಲೆಕ್ಕಕ್ಕೆ ಸೇರುತ್ತದೆ, ವಿಶ್ರಾಂತಿಯೆಂದು ಬರೆಯುವಂತಿಲ್ಲ.

ಪೆಟ್ರೋಲಿನ ವಿಷಯ ಯಾರೂ ಮಾತಾಡುವುದಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದದ್ದು, ಸಾಗಿಸಬಹುದಾದದ್ದು 30 ಲೀಟರು ಮಾತ್ರ, ಅದೂ 25 ಲೀಟರು ಮೀರದ ಭದ್ರ ಮುಚ್ಚಳದ ಲೋಹದ ಡಬ್ಬಿಯಲ್ಲಿ. ನಾನು ನೋಡಿದ ಗಾಡಿಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಕ್ಯಾನು, ಐದು. ಪಕ್ಕದಲ್ಲಿ ಜನರೇಟರು, ಮೇಲೆ ಬ್ಯಾಟರಿ ಚಾರ್ಜರು, ಗಾಳಿಯಾಡದ ಕಂಟೇನರ್ ಬಾಡಿ. ಚೆಕ್‌ಪೋಸ್ಟಿನಲ್ಲಿ ಹಿಡಿದರೆ ಹೆಸರು ಬೀಳುವುದು ಡ್ರೈವರದ್ದು, ಬೆಂಕಿ ಹತ್ತಿದರೆ ಒಳಗಿರುವವನೂ ಡ್ರೈವರೇ. ಯಾವ ತಂಡವೆಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ತಂಡದವರು ನನಗೇ ನಕ್ಕು ಹೇಳಿದರು, ಎಲ್ಲರೂ ಹೀಗೇ ಒಯ್ಯೋದು ಎಂದು. ಟ್ರ್ಯಾಕಿನ ಹತ್ತಿರದ ಬಂಕಿನಲ್ಲಿ ತುಂಬಿಸಿಕೊಂಡರೆ ಮುಗಿಯುವ ಸಮಸ್ಯೆ ಇದು.

ಕಾಗದಪತ್ರದ ತಲೆನೋವು ಇದ್ದೇ ಇದೆ. ತಂಡಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ, 50,000 ರೂಪಾಯಿ ಮೀರಿದ ಸಾಮಾನಿಗೆ ಸಾಗಣೆಗೆ ಆನ್‌ಲೈನಿನಲ್ಲಿ ಮಾಡಿಸುವ ಇ-ವೇ ಬಿಲ್ ಬೇಕು, ಮಾರಾಟವಲ್ಲದಿದ್ದರೂ ಬೇಕು. ಮಾರಾಟದ ಇನ್‌ವಾಯ್ಸಿನ ಬದಲು ಡೆಲಿವರಿ ಚಲನ್. 200 ಕಿ.ಮೀ.ಗೆ ಒಂದು ದಿನದಂತೆ ಅವಧಿ. ವಾಪಸು ಬರುವಾಗ ಹೊಸದು. ಭಾನುವಾರ ರಾತ್ರಿ ಗೆದ್ದವರು ಕೇಕು ಕತ್ತರಿಸುತ್ತಾರೆ, ಸೋತವರು ಮುಖ ಊದಿಸಿಕೊಂಡು ಹೋಟೆಲಿಗೆ ಹೋಗುತ್ತಾರೆ, ವಾಪಸಿನ ಬಿಲ್ಲು ಮಾಡಬೇಕಾದವನ ಫೋನು ಸ್ವಿಚ್ ಆಫ್. ಚಿತ್ತೂರಿನ ಬಳಿ ಅಧಿಕಾರಿಯ ಮುಂದೆ ನಿಂತು, ಇದು ಮಾರುವ ಕಾರಲ್ಲ ಸಾರ್, ಓಡುವ ಕಾರು ಎಂದು ತೆಲುಗಿನಲ್ಲಿ ವಿವರಿಸುವುದು ಡ್ರೈವರಿನ ಪಾಲು. ಕೋಲಾರದವನಾದ್ದರಿಂದ ತೆಲುಗು ಬರುತ್ತದೆ, ಅಷ್ಟು ಪುಣ್ಯ.

ತಂಡಗಳ ಕಡೆಯ ಮಾತೂ ಕೇಳಬೇಕು. ನಮ್ಮ ಬಹುಪಾಲು ತಂಡಗಳಿಗೆ ಟಿವಿ ಹಣ ಬರುವುದಿಲ್ಲ. ರೇಸರ್ ಹುಡುಗನ ಅಪ್ಪನ ಜೇಬೇ ಪ್ರಾಯೋಜಕ. ವರ್ಷಕ್ಕೆ ಐದಾರು ವಾರಾಂತ್ಯದ ಕೆಲಸಕ್ಕೆ ಹನ್ನೆರಡು ತಿಂಗಳ ಸಂಬಳ ಕೊಡಿ ಎಂದರೆ ಯಾರಿಗೂ ಆಗದು, ಕೇಳುವುದು ನ್ಯಾಯವೂ ಅಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈ ಐಲೆಂಡ್ ಗ್ರೌಂಡ್ಸ್ ಸುತ್ತ ಸರ್ಕಾರದ ಬೆಂಬಲದಲ್ಲಿ ರಾತ್ರಿ ಬೀದಿ ರೇಸು ನಡೆದಾಗ ಕ್ರೀಡೆಗೆ ಹಣ ಬಂತು ಎಂದರು. ಬಂದಿರಬಹುದು. ಅದು ಕೆಳಗೆ ಸೋರಿ ಲಾರಿಯ ಕ್ಯಾಬಿನ್ನಿಗೆ ತಲುಪಲು ಇನ್ನೂ ಕಾಲ ಬೇಕು. ನನ್ನ ಮಟ್ಟಿಗೆ ಆಗಬೇಕಾದದ್ದು ದೊಡ್ಡದೇನಲ್ಲ. ಬಾಡಿಗೆ ಮಾತಾಡುವಾಗಲೇ ಕಿ.ಮೀ. ರೇಟಿನ ಜತೆ ದಿನದ ರೇಟು ಬರೆಯುವುದು. ಭಾನುವಾರ ರಾತ್ರಿ ಅಲ್ಲೇ ಮಲಗಿ ಸೋಮವಾರ ಬೆಳಕಿನಲ್ಲಿ ಹೊರಡುವುದು, ಅದಕ್ಕೊಂದು ಲಾಡ್ಜ್ ರೂಮು. ಒಂದು ಸ್ಲಿಕ್ (ಗೆರೆಯಿಲ್ಲದ ರೇಸಿನ) ಟೈರಿನ ಬೆಲೆಯ ಮುಂದೆ ಅದೊಂದು ಖರ್ಚೇ ಅಲ್ಲ. ಕಾರು ಪಾಸು ಮಾಡುವ ಮುನ್ನ ಹೆಲ್ಮೆಟ್ಟಿನ ಗಡುವು ನೋಡುವ ಆಯೋಜಕರು ಡ್ರೈವರ್ ಎಷ್ಟು ಗಂಟೆ ಮಲಗಿದ್ದ ಎಂದು ಒಂದು ಕಾಲಮ್ಮು ಸೇರಿಸಿದರೆ ಅವರ ಗಂಟು ಏನೂ ಹೋಗುವುದಿಲ್ಲ. ಅಲ್ಲಿ ಹೆಲ್ಮೆಟ್ಟಿಗಿರುವ ಮರ್ಯಾದೆ ನಿದ್ದೆಗಿಲ್ಲ.

ಲಾರಿ ಡ್ರೈವರಿಗೆ ರೇಸ್ ಜಗತ್ತಿನಲ್ಲಿ ಮರ್ಯಾದೆ ಸಿಕ್ಕ ಒಂದು ಸಂದರ್ಭ ನೆನಪಿದೆ. ಟಾಟಾ ಮೋಟರ್ಸ್ 2014ರಲ್ಲಿ ಬುದ್ಧ ಸರ್ಕ್ಯೂಟಿನಲ್ಲಿ ಟಿ1 ಪ್ರೈಮಾ ಟ್ರಕ್ ರೇಸ್ ಶುರು ಮಾಡಿತು. ಮೊದಲೆರಡು ವರ್ಷ ವಿದೇಶಿ ರೇಸರುಗಳೇ ಓಡಿಸಿದರು. 2016ರಲ್ಲಿ ನಮ್ಮ ಲಾರಿ ಡ್ರೈವರುಗಳಿಗೇ ತರಬೇತಿ ಕೊಟ್ಟು ಟ್ರ್ಯಾಕಿಗಿಳಿಸಿದರು. ಹೆದ್ದಾರಿಯ ಡ್ರೈವರು ರೇಸಿಂಗ್ ಸೂಟು ತೊಟ್ಟು ನಿಂತ ಚಿತ್ರ ಎಲ್ಲೆಡೆ ಬಂತು. ವೇಮಗಲ್ಲಿನವರಿಗೆ ಅದನ್ನು ಫೋನಿನಲ್ಲಿ ತೋರಿಸಿದೆ. ನೋಡಿ, "ಸೂಟು ಬ್ಯಾಡ ಸಾರ್, ಶನಿವಾರದ ಬಾಟಾ ಕೊಟ್ರೆ ಸಾಕು" ಅಂದರು.

ಹೊಸಕೋಟೆಯಿಂದ ಬೇತಮಂಗಲದವರೆಗೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ತೆರೆದಿದೆ. ಪೂರ್ತಿಯಾದರೆ ಇರುಂಗಾಟ್ಟುಕೋಟ್ಟೈ ದಾರಿ ಇನ್ನೂ ಸಲೀಸು, ಓಡಿಸುವ ಗಂಟೆ ಇನ್ನೂ ಕಡಿಮೆ. ಕಿ.ಮೀ. ಲೆಕ್ಕದ ಬಾಟಾ ಏರುವುದಿಲ್ಲ, ಬೇಗ ತಲುಪಬಹುದಲ್ಲ, ಭಾನುವಾರ ರಾತ್ರಿಯೇ ಹೊರಡು ಎನ್ನುವುದು ಹೆಚ್ಚುತ್ತದೆ.

ಮೊನ್ನೆ ಕೊಯಮತ್ತೂರಿನ ಸುತ್ತಿಗೆ ಅವರನ್ನು ಕರೆದಿದ್ದರಂತೆ. ಅದೇ ವಾರ ದೆಹಲಿಯ ಆಜಾದ್‌ಪುರಕ್ಕೆ ಟೊಮೆಟೊ ಲೋಡು ಸಿಕ್ಕಿತು. ಟೊಮೆಟೊಗೆ ಹೋದರು. ತಂಡದವರು ಮಾಲೂರಿನ ಕಡೆಯ ಒಬ್ಬ ಹೊಸ ಹುಡುಗನನ್ನು ಹಿಡಿದರು, ಲೈಸೆನ್ಸ್ ಸರಿ, ಕೈಯೂ ಚುರುಕು. ಹೊರಡುವ ರಾತ್ರಿ ಆ ಹುಡುಗ ಇವರಿಗೇ ಫೋನು ಮಾಡಿ ಕೇಳಿದನಂತೆ: "ಅಣ್ಣಾ, ಬೆಲ್ಟು ಹಾಕೋಕೆ ಚಕ್ರದ ಹಿಂದೆ ಒಂದು ಪೈಪು ಕಾಣ್ತದೆ, ಅದಕ್ಕೇ ತಾನೆ?"